ಮೂರು ಗಂಟೆಯ ಎಚ್ಚರ

ಕೂತ್ಕೋ ಬೈಯಣ್ಣ, ಟೀ ಹೇಳು,
ಗಾಡಿಗಳು ಬರೋಕೆ ಇನ್ನೂ ಹೊತ್ತಿದೆ.
ಬ್ಯಾಂಕಾಕ್ ಹೆಂಗಿತ್ತು ಅಂತ ಎಲ್ಲರೂ ಕೇಳ್ತಾರೆ,
ಸೇವಂತಿ ರೇಟು ಕೇಳಿದ ಹಾಗೆ,
ಉತ್ತರಕ್ಕೆ ನಿಲ್ಲದೆ.

ಚೆಂಡುಹೂ ಬೀಜದ ಕಂಪನಿಯ ಟೂರು.
ಚಿಕ್ಕಬಳ್ಳಾಪುರದ ಮಂಡಿಯಿಂದ ನಾಲ್ಕು ಜನ,
ಹೊಸೂರು ಕಡೆಯವರು ಇಪ್ಪತ್ತೋ ಮೂವತ್ತೋ,
ಹೆಂಗಸು ನಾನೊಬ್ಬಳೇ.
ಬ್ಯಾಗಿನಲ್ಲಿ ಹುರಿಹಿಟ್ಟು, ಚಟ್ನಿಪುಡಿ,
ತಂಗಿ ಕೊಟ್ಟ ನಿಂಬೆಕಾಯಿ ಉಪ್ಪಿನಕಾಯಿ.
ಅದನ್ನ ಏರ್‌ಪೋರ್ಟಿನವರು ತೆಗೆದಿಟ್ಟುಕೊಂಡರು.
ತಿಂದರೋ ಬಿಸಾಕಿದರೋ,
ಇವತ್ತಿಗೂ ಅದೇ ಯೋಚನೆ.

ಮೊದಲು ಏನು ನೋಡಿದೆ ಅಂದರೆ, ನದಿ.
ನಗಬೇಡ.
ನಂದಿ ಬೆಟ್ಟದಲ್ಲಿ ಇಷ್ಟಿಷ್ಟು ನದಿ ಹುಟ್ಟುತ್ತವೆ ಅಂತ
ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು.
ಹೆಸರು ಬಂತು, ನೀರು ಬರಲಿಲ್ಲ.
ಅಲ್ಲಿ ಊರ ನಡುವೆ ನೀರು ಹೋಗ್ತಾ ಇದೆ,
ಮೇಲೆ ಬಸ್ಸಿನ ಹಾಗೆ ದೋಣಿ,
ಕಂಡಕ್ಟರಮ್ಮ ತಗಡಿನ ಡಬ್ಬಿ ಟಕಟಕ ಅನ್ನಿಸುತ್ತಾ
ಟಿಕೆಟ್ ಹರೀತಾಳೆ.
ನಾನು ಚಪ್ಪಲಿ ಬಿಟ್ಟು ಹತ್ತಿದೆ.
ಗೈಡು ನಕ್ಕ. ನಗಲಿ.
ಅಷ್ಟು ನೀರಿನ ಮೇಲೆ
ಚಪ್ಪಲಿ ಹಾಕಿಕೊಂಡು ಹೆಂಗೆ ನಿಲ್ಲೋದು?

ಮಲಗಿದ ಬುದ್ಧನ್ನ ನೋಡಿದೆ.
ಮಲಗಿದ್ದಾನೆ ಅಂದರೆ,
ನಮ್ಮ ಹರಾಜು ಕಟ್ಟೆಯ ಈ ತುದಿಯಿಂದ ಆ ತುದಿ.
ಬೆನ್ನ ಹಿಂದೆ ಗೋಡೆಗುಂಟ ನೂರೆಂಟು ಬಟ್ಟಲು,
ಒಂದೊಂದಕ್ಕೂ ಒಂದು ಕಾಸು ಹಾಕುತ್ತಾ ಹೋಗಬೇಕು.
ನನಗೆ ಕೊನೆಗೆ ಮೂರು ಕಾಸು ಉಳೀತು.
ಎಲ್ಲಿ ತಪ್ಪಿತು ಅಂತ ರಾತ್ರಿಯೆಲ್ಲ ಲೆಕ್ಕ,
ಕಮಿಷನ್ ಬರೆದೂ ಬರೆದೂ ಕೆಟ್ಟ ಬುದ್ಧಿ.
ವೆಂಕಟರೋಣಪ್ಪ ಮೂರು ಟಾರ್ಚು ಕೊಂಡ,
ಕರೆಂಟೇ ಹೋಗದ ಊರಿನಲ್ಲಿ.

ಅಲ್ಲಿ ಗಡಿಯಾರ ಒಂದೂವರೆ ಗಂಟೆ ಮುಂದೆ.
ನನ್ನ ಎಚ್ಚರ ಮಾತ್ರ ಇಲ್ಲಿಯ ಮೂರಕ್ಕೇ ಆಯಿತು.
ಯಾವ ಗಾಡಿಯೂ ಬರದ ಬೆಳಗಿನಜಾವ,
ಕೈ ಸುಮ್ಮನಿರಲಿಲ್ಲ.
ಕೆಳಗಿಳಿದು ಹೋಟೆಲ್ ಹುಡುಗನ ಮುಂದೆ
ಕೊರಳಿಗೆ ಹಾರ ಹಾಕುವ ಸನ್ನೆ ಮಾಡಿದೆ.
ಮದುವೆಯೋ ಸಾವೋ ತಿಳಿಯದೆ ಬೆಪ್ಪಾದ.
ಆಮೇಲೆ ಉಸಿರೆಳೆದು ಮೂಗು ತೋರಿಸಿದೆ.
ಆಟೋ ಕರೆದ.

ಇಳಿದರೆ ನೆಲ ಒದ್ದೆ, ನಮ್ಮದೇ ಒದ್ದೆ:
ಎಲೆ, ತೊಟ್ಟು, ತುಳಿದ ಎಸಳು, ಐಸಿನ ನೀರು.
ಚೀಲದಲ್ಲಿ ಒತ್ತಿ ತುಂಬಿದ ಚೆಂಡುಹೂ
ಉಸಿರು ಕಟ್ಟಿದ ಅರಿಶಿನದ ಹಾಗೆ.
ತಾವರೆ ಎಸಳನ್ನ ಒಳಗೊಳಗೇ ಮಡಚುತ್ತಾರೆ,
ಸೀರೆ ನೆರಿಗೆ ಹಿಡಿದಂತೆ.
ಮೊಳದುದ್ದದ ಸೂಜಿಗೆ ಮಲ್ಲಿಗೆ ಪೋಣಿಸುತ್ತಾ ಒಬ್ಬಾಕೆ,
ನನ್ನದೇ ವಯಸ್ಸು, ಬೆರಳ ತುದಿ ಕಪ್ಪು.
ಒಂದು ಚೆಂಡುಹೂ ಎತ್ತಿ ಬುಡ ಹಿಸುಕಿದೆ,
ತೂಕಕ್ಕೆ ನೀರು ಕುಡಿಸಿದ ಮಾಲೋ ಅಂತ.
ಕುಡಿಸಿದ್ದರು.
ಆಕೆ ತಲೆಯೆತ್ತಿ ನೋಡಿದಳು,
ಇವಳು ಗಿರಾಕಿ ಅಲ್ಲ ಅಂತ ಗೊತ್ತಾಯಿತು.

ಸೆರಗಿನ ಕೆಳಗೆ ಅವಳ ಕೈ ಹಿಡಿದೆ,
ನಮ್ಮಪ್ಪನ ಕಾಲದಲ್ಲಿ ಟವೆಲಿನ ಕೆಳಗೆ ಹಿಡೀತಿದ್ದರಲ್ಲ, ಹಾಗೆ.
ಮೂರು ಬೆರಳು ಒತ್ತಿದೆ, ಸುಮ್ಮನೆ.
ಅವಳು ನಾಲ್ಕು ಒತ್ತಿದಳು.
ಏನು ನಾಲ್ಕು, ಯಾವ ದುಡ್ಡು, ಕೇಜಿಗೋ ಚೀಲಕ್ಕೋ,
ಆ ಬುದ್ಧನಿಗೇ ಗೊತ್ತು.
ನಾನು ಬಿಡಲಿಲ್ಲ,
ಮೂರೂವರೆ ಅನ್ನೋಕೆ ಒಂದು ಬೆರಳು ಅರ್ಧ ಮಡಚಿದೆ.
ಆಗ ನಕ್ಕಳು ನೋಡು,
ಒಂದು ಹಲ್ಲು ಚಿನ್ನದ್ದು.

ನೂಲು ಇಸ್ಕೊಂಡು ನಮ್ಮ ಗಂಟು ತೋರಿಸಿದೆ,
ಸೂಜಿ ಇಲ್ಲದೆ, ಎರಡು ಈ ಕಡೆ, ಎರಡು ಆ ಕಡೆ.
ಅವಳು ಕಟ್ಟಿದ್ದು ಬಿಚ್ಚಿಹೋಯಿತು.
ನಾನು ಪೋಣಿಸಿದ್ದು ಸೊಟ್ಟ.
ಫೋಟೋ? ಎಲ್ಲಿ ಫೋಟೋ, ಕೈಯೆಲ್ಲ ಒದ್ದೆ.
ಹೆಸರು ಕೇಳಿದೆ.
ಮಾಲಿ ಅಂದಳೋ, ಮಾಲೆ ಅಂದಳೋ,
ತನ್ನ ಹೆಸರು ಹೇಳಿದಳೋ,
ಕೈಯಲ್ಲಿದ್ದ ಮಲ್ಲಿಗೆಯದೋ...

ತಡಿ ಬೈಯಣ್ಣ,
ಗೌರಿಬಿದನೂರಿನ ಟೆಂಪೋ ಬಂತು.
ಟೀ ಅಲ್ಲೇ ಇಡು,
ತಕ್ಕಡಿ ತೆಗಿ.