ಎರಡು ಸಲ ಇಳಿದವಳು

ತಾಮರೆಕರೆ ದಾಟಿದ ಮೇಲೆ ಟಾರು ಮುಗಿಯುತ್ತದೆ.
ಮುಗಿಯುವುದೆಂದರೆ ಗೆರೆ ಎಳೆದ ಹಾಗಲ್ಲ,
ಹಳೆಯ ಕಂಬಳಿಯ ಅಂಚು, ಎಳೆ ಬಿಟ್ಟು ಬಿಟ್ಟು:
ಮೊದಲು ಜಲ್ಲಿ, ಆಮೇಲೆ ಕೆಮ್ಮಣ್ಣು,
ಆಮೇಲೆ ಬರೀ ಬರಗೂರು ಬೆಟ್ಟದ ಮೂಳೆ.

ಫೆಲಿಕ್ಸ್ ಅಲ್ಲಿ ಎಲ್ಲರ ಟಯರಿನ ಗಾಳಿ ಇಳಿಸಿದ,
ಹೆಬ್ಬೆರಳಲ್ಲಿ ಒತ್ತಿ, ಹಲಸು ಹಣ್ಣಾಯಿತೇ ಎಂದು ನೋಡುವವನಂತೆ.
"ಹದಿನೆಂಟು ಸಾಕು. ಕಲ್ಲನ್ನು ಅದು ತಬ್ಬಿಕೊಳ್ಳಲಿ."
ಅಂತಿಯೂರಿನ ಗ್ಯಾರೇಜಿನಲ್ಲಿ ಕಲಿತ ಅವನ ಕನ್ನಡಕ್ಕೆ
ಗ್ರೀಸಿನ ವಾಸನೆ. ವ್ಯಾಕರಣವಿಲ್ಲ, ತಪ್ಪೂ ಇಲ್ಲ.

ಮುಂದೆ ಜಡೇಸಾಮಿ. ಕೊನೆಗೆ ಫೆಲಿಕ್ಸ್. ಅವನ ಮುಂದೆ ತಂಗಮಣಿ,
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ನಿದ್ದೆಗೆಟ್ಟೇ ಬಂದವಳು.
ನಡುವೆ ನಾನು, ತಾಳವಾಡಿ ಸೊಸೈಟಿಯ ಗುಮಾಸ್ತ,
ಇನ್ನೂರು ಕಿಲೋ ಕಬ್ಬಿಣವನ್ನು ಕಂತಿನಲ್ಲಿ ಕೊಂಡವನು,
ಮನೆಯ ಕನ್ನಡಿಯೆದುರು ಹೆಲ್ಮೆಟ್ ಹಾಕಿ ನೋಡಿಕೊಂಡವನು.

ನಿಂತೇ ಓಡಿಸಬೇಕು. ಟ್ಯಾಂಕನ್ನು ಮಂಡಿಯಲ್ಲಿ ಹಿಡಿದು,
ಹ್ಯಾಂಡಲನ್ನು ಮಜ್ಜಿಗೆ ತುಂಬಿದ ಚೊಂಬಿನ ಹಾಗೆ.
ಒಂದು ಗಂಟೆ ಅದು ಬಂತು. ಹೌದು, ಬಂತು.
ಲಂಟಾನ ಮೊಣಕೈಗೆ ಬಡಿದು, ಬಿದಿರು ಹೆಲ್ಮೆಟ್ಟಿಗೆ ಬಡಿದು,
ಆನೆಲದ್ದಿಯ ಹಬೆಯೊಳಗೆ ನಮ್ಮ ಸೈಲೆನ್ಸರಿನ ಹಬೆ ನುಗ್ಗಿ,
ನಾನು ಒಬ್ಬನೇ ಒಳಗೊಳಗೇ ಏನೋ ಕೂಗುತ್ತಿದ್ದೆ,
ಪದವಲ್ಲ.

ಆಮೇಲೆ ಆ ಇಳಿಜಾರು.
ಹೆಸರಿಲ್ಲ ಅದಕ್ಕೆ. ಹಳ್ಳದವರೆಗೆ ನೂರು ಮಾರು,
ನಡುವೆ ಮೊಣಕಾಲೆತ್ತರದ ಬಂಡೆ,
ಬಲಕ್ಕೆ ಒಂದು ಗಾಲಿ ಹಿಡಿಸುವಷ್ಟು ಮಣ್ಣು,
ಎಡಕ್ಕೆ ಏನೂ ಇಲ್ಲ.
ಜಡೇಸಾಮಿ ಇಳಿದ. ಧೂಳು ಇಳಿಯಿತು. ಕೆಳಗಿನಿಂದ ಕೈ ಬೀಸಿದ.
ನಾನು ಬಂಡೆಯನ್ನು ನೋಡಿದೆ.
ಗಾಡಿ ಬಂಡೆಗೇ ಹೋಯಿತು, ಹೇಳಿದ ಮಾತು ಕೇಳುವ ನಾಯಿಯ ಹಾಗೆ.

ಬಿದ್ದದ್ದು ನೋಯಲಿಲ್ಲ. ಕ್ಲಚ್ ಲಿವರ್ ಮುರಿದ ಸದ್ದು
ಒಣಕಡ್ಡಿ ಮುರಿದಷ್ಟೇ ಸಣ್ಣದು.
ಫೆಲಿಕ್ಸ್ ಚೀಲದಿಂದ ಇನ್ನೊಂದು ತೆಗೆದ, ಐದು ನಿಮಿಷ,
ಗಾಡಿ ಸರಿಯಾಯಿತು. ನನ್ನ ಕಾಲು ಸರಿಯಾಗಲಿಲ್ಲ.
ಗೇರಿನ ಮೇಲೆ ಅದು ತಾನಾಗಿ ಕುಣಿಯುತ್ತಿತ್ತು,
ಹೊಲಿಗೆ ಯಂತ್ರದ ಹಾಗೆ, ಏನನ್ನೂ ಹೊಲಿಯದೆ.

ಆಗ ದನ ಬಂದವು. ಕೆಂಪು ಮೈ, ಸುಣ್ಣ ಎರಚಿದಂಥ ಬಿಳಿ ಮಚ್ಚೆ,
ಮೂವತ್ತೋ ನಲವತ್ತೋ, ಬಂಡೆಯ ಬಲಕ್ಕೆ ಒಂದೊಂದಾಗಿ,
ನಮ್ಮತ್ತ ತಿರುಗದೆ, ಕೊರಳ ಮರಗಂಟೆ ಟೊಕ್ಕು ಟೊಕ್ಕೆನ್ನುತ್ತ
ನೀರಿಗೆ ಇಳಿದವು.
ಹಿಂದೆ ಬಂದ ಮುದುಕ ಗಾಡಿಯ ಬೆಲೆ ಕೇಳಿದ.
ಹೇಳಿದೆ. ಬೆರಳೆಣಿಸಿದ. "ನಾಕ್ ಜೊತೆ ಹೋರಿ.
ಅವು ಬಿದ್ರ ಅವೇ ಎದ್ಕತವ."
ಮತ್ತೆ ಹೋಗುತ್ತ ಹೋಗುತ್ತ, ದನಕ್ಕೋ ನನಗೋ,
"ಕಲ್ಲ ನೋಡ್‌ಬ್ಯಾಡ ಕಣಪ್ಪ. ಕಲ್ಲು ಬುಟ್ಟಿರ ಜಾಗವ ನೋಡು."

ಇಲ್ಲಿ ಕತೆ ತಿರುಗಬೇಕು.
ಎದ್ದೆ, ಜಾಗ ನೋಡಿದೆ, ಇಳಿದೆ ಎನ್ನಬೇಕು.
ಎರಡು ವರ್ಷ ಹಾಗೆಯೇ ಹೇಳಿಕೊಂಡು ಬಂದೆ.

ಇಳಿಸಿದವಳು ತಂಗಮಣಿ.
ತನ್ನದನ್ನು ಹಳ್ಳದ ಬಳಿ ನಿಲ್ಲಿಸಿ,
ಆ ಭಾರದ ಬೂಟಿನಲ್ಲೇ ಏದುಸಿರಿಡುತ್ತ ಮತ್ತೆ ಮೇಲೆ ಹತ್ತಿ,
ಮಾತಿಲ್ಲದೆ ಕೈ ಚಾಚಿದಳು ಕೀಲಿಗೆ,
ನಾಡಿ ನೋಡಲು ಚಾಚುವ ಹಾಗೆ.
ನಾನು ನಡೆದು ಇಳಿದೆ, ಹೆಲ್ಮೆಟ್ ಕಂಕುಳಲ್ಲಿಟ್ಟು,
ದನದ ಗೊರಸಿನ ಗುರುತುಗಳ ಮೇಲೆ.
ಕೆಳಗೆ ಅವಳು ಸ್ಟ್ಯಾಂಡ್ ಹಾಕಿ, ಕೀಲಿ ಅಲ್ಲೇ ಬಿಟ್ಟು,
ಹೋಗಿ ಮುಖ ತೊಳೆದುಕೊಂಡಳು.

ಕೊಂಗಾಡೆ ತಲುಪಿದಾಗ ತೆಗೆದ ಫೋಟೊ ಇದೆ.
ನನ್ನ ಗಾಡಿಯ ಮೇಲೆ ನಾನು, ಹಲ್ಲೆಲ್ಲ ತೋರಿಸಿ.
ಅವಳ ಕಣ್ಣು ಅರ್ಧ ಮುಚ್ಚಿದೆ. ನಿದ್ದೆಯಿರಬೇಕು.
ಫೆಲಿಕ್ಸ್ ಹೇಳಲಿಲ್ಲ. ಜಡೇಸಾಮಿಯೂ, ಅವನ ಬಾಯಿಯೂ, ಹೇಳಲಿಲ್ಲ.

ಮುರಿದ ಲಿವರಿನ ತುಂಡು ಸೊಸೈಟಿಯ ಡ್ರಾಯರಿನಲ್ಲಿದೆ,
ಸೀಲುಗಳ ಜೊತೆ, ಮಸಿಪ್ಯಾಡಿನ ಪಕ್ಕ.
ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ, ನುಣುಪು ಟಾರಿನಲ್ಲಿ,
ಶಾಲೆಯೆದುರಿನ ಉಬ್ಬು ಬಂದರೆ
ಸುಮ್ಮನೆ ಎದ್ದು ನಿಲ್ಲುತ್ತೇನೆ. ಹುಡುಗರು ನಗುತ್ತಾರೆ.
ಉಬ್ಬನ್ನು ನೋಡುವುದಿಲ್ಲ.