ಇನ್ನೂರು ಮಿಲಿಸೆಕೆಂಡು

ವಿರಾಜಪೇಟೆಯ ಗಡಿಯಾರ ಕಂಬ ದಾಟಿ
ತಾಲ್ಲೂಕು ಕಚೇರಿಗೆ ಹೋಗುವ ಏರಿನಲ್ಲಿ
ಉಮ್ಮರ್ ಕಾಕನ ಜೆರಾಕ್ಸ್ ಅಂಗಡಿ.
ಲ್ಯಾಮಿನೇಷನ್ ಯಂತ್ರದ ಬಿಸಿಯ ಪಕ್ಕ ನನ್ನ ಕುರ್ಚಿ,
ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಕೀಬೋರ್ಡು.
ಅದರಲ್ಲಿ ಎಂ ಅಳಿಸಿಹೋಗಿ ಎರಡು ವರ್ಷ.

ಹದಿನಾಲ್ಕು ವರ್ಷದಿಂದ ಅವೇ ವಾಕ್ಯಗಳು:
ಪೌತಿ ಖಾತೆ, ವಂಶವೃಕ್ಷ, ಜಮ್ಮಾ ಹಿಡುವಳಿ,
‘ಮರಣ ಹೊಂದಿದ್ದು, ವಾರಸುದಾರರು ಈ ಕೆಳಕಂಡಂತೆ.’
ಮಣಿಕಟ್ಟು ನೋಯತೊಡಗಿದ ಮೇಲೆ
ರಾತ್ರಿ ಕೂತು ನಾನೇ ಒಂದು ಸ್ಕ್ರಿಪ್ಟು ಬರೆದೆ.
ಹೆಚ್ಚೇನಿಲ್ಲ, ಮೂವತ್ತು ಸಾಲು.
ವಿ ಎರಡು ಸಲ ಟಕ್‌ಟಕ್ ಎಂದರೆ
‘ವಿರಾಜಪೇಟೆ ತಾಲ್ಲೂಕು, ಕೊಡಗು ಜಿಲ್ಲೆ.’
ಎಸ್ ಬೆನ್ನಿಗೆ ಎನ್ ಬಂದರೆ ‘ಸರ್ವೆ ನಂಬರ್.’
ಎಂ ಎರಡು ಸಲ ಎಂದರೆ
ಸತ್ತವರ ಪೂರ್ತಿ ವಾಕ್ಯ.

ಗುಟ್ಟಿರುವುದು ನಡುವಿನ ಬಿಡುವಿನಲ್ಲಿ.
ಮೊದಲ ಕೀಲಿ ಬಿದ್ದೊಡನೆ ಸ್ಕ್ರಿಪ್ಟು
ಅಕ್ಷರವನ್ನು ಪರದೆಗೆ ಬಿಡದೆ
ಬಾಯೊಳಗೆ ಹಿಡಿದು ಕಾಯುತ್ತದೆ,
ಇನ್ನೂರು ಮಿಲಿಸೆಕೆಂಡು.
ಎರಡನೆಯದು ಬಂದರೆ ಅದು ಅಪ್ಪಣೆ.
ಬಾರದಿದ್ದರೆ
ಬರಿ ಅಕ್ಷರ; ಉಗುಳಿ ಸುಮ್ಮನಾಗುತ್ತದೆ.

ಇದನ್ನು ನಾನು ಯಾವ ಕಂಪ್ಯೂಟರ್ ಕ್ಲಾಸಿನಲ್ಲೂ ಕಲಿತದ್ದಲ್ಲ.
ಗದ್ದೆಯಾಚೆ ಕೋವಿ ಹಾರಿದರೆ
ಅಕ್ಕಿ ಆರಿಸುತ್ತಿದ್ದ ದೊಡ್ಡವ್ವ ‘ಶ್’ ಎನ್ನುವಳು,
ಹೆಕ್ಕಿದ ಕಲ್ಲು ಬೆರಳಲ್ಲೇ.
ಒಂದೇ ಗುಂಡಾದರೆ ಯಾರದೋ ಮನೆಯಲ್ಲಿ ಗಂಡು ಕೂಸು.
ಬೆನ್ನಿಗೇ ಇನ್ನೊಂದಾದರೆ ಸಾವು,
ಪೆಟ್ಟಿಗೆಯಿಂದ ಬಿಳಿ ಸೀರೆ ತೆಗೆಯಬೇಕು.
ಆ ನಡುವೆ ನಾಯಿ ಕೂಡ ಬೊಗಳುತ್ತಿರಲಿಲ್ಲ.
ನಾನು ಹುಟ್ಟಿದ ದಿನ ಕೋವಿ ಗೂಟದಲ್ಲೇ ಇತ್ತಂತೆ.
ದೊಡ್ಡವ್ವ ಹೇಳುತ್ತಿದ್ದಳು, ನಗುತ್ತಲೇ.

ಸ್ಕ್ರಿಪ್ಟು ಮೂರು ದಿನ ಚೆನ್ನಾಗಿ ಓಡಿತು.
ನಾಲ್ಕನೆಯ ದಿನ ಬಂದವರು ಎಂಬತ್ತು ದಾಟಿದ ದೇಚಮ್ಮ,
ತೋಟದ ಪಂಪ್‌ಸೆಟ್ಟಿಗೆ ಕರೆಂಟು ಕೇಳಿ ಅರ್ಜಿ.
ಅಭ್ಯಾಸದ ಬೆರಳು ಹೆಸರನ್ನು ಓಡಿಸಿತು.
ಪರದೆಯ ಮೇಲೆ ಮೂಡಿದ್ದು
‘ದೇಚಮರಣ ಹೊಂದಿದ್ದು, ವಾರಸುದಾರರು ಈ ಕೆಳಕಂಡಂತೆ’,
ಬಾಲದಲ್ಲೊಂದು ಅನಾಥ ‘ಅ’.
ಅವರು ಕನ್ನಡಕ ಏರಿಸಿ, ಬಗ್ಗಿ, ನಿಧಾನಕ್ಕೆ ಓದಿದರು.
‘ಇಷ್ಟು ಬೇಗವಾ?’ ಎಂದರು.
‘ಪಂಪ್‌ಸೆಟ್ ಒಂದು ಆಗಲಿ, ಮಗಳೇ. ಆಮೇಲೆ.’
ಕಾಕ ನಕ್ಕು ನಕ್ಕು ಪೇಪರ್ ಜಾಮ್ ಮಾಡಿಕೊಂಡ.

ನನಗೆ ನಗು ಬರಲಿಲ್ಲ.
ಬೊಳ್ಳಮ್ಮ, ಚೋಂದಮ್ಮ, ಪೂವಮ್ಮ,
ಇಲ್ಲಿಯ ಎಷ್ಟೋ ಹೆಂಗಸರ ಹೆಸರು ಮುಗಿಯುವುದೇ ಹೀಗೆ.
ಜಮ್ಮಾದಲ್ಲಿಯೂ ಅದೇ, ನಮ್ಮ ತಮ್ಮ ಎನ್ನುವಲ್ಲಿಯೂ,
ಎರಡು ಎಂ ಒಂದಕ್ಕೊಂದು ಒತ್ತಾಗಿ ಕೂತಿವೆ.
‘ಅಮ್ಮ’ ಎಂದು ಬರೆದು ನೋಡಿದೆ, ಬೇಗ ಬೇಗ.
‘ಅಮರಣ ಹೊಂದಿದ್ದು.’
ತುಸು ಹೊತ್ತು ಅಳಿಸಲಿಲ್ಲ.
ಅವಳ ಪೌತಿ ಖಾತೆಯ ಅರ್ಜಿಯನ್ನೂ ನಾನೇ ಹೊಡೆದದ್ದು,
ಆಗ ಸ್ಕ್ರಿಪ್ಟು ಇರಲಿಲ್ಲ,
ಒಂದೊಂದೇ ಅಕ್ಷರ.

ತಿದ್ದುವುದು ಕಷ್ಟವಲ್ಲ, ಒಂದೇ ಸಾಲು:
ಹಿಂದೆ ಅಕ್ಷರವಿದ್ದರೆ ನೀನು ಬಾಯಿ ಹಾಕಬೇಡ.
ಅಂದೇ ಬರೆದೆ, ಹತ್ತು ಸಲ ಒತ್ತಿ ನೋಡಿದೆ, ಸರಿಯಾಯಿತು.
ಬೆರಳಿಗೆ ಹೇಳುವವರಾರು?
ಹೆಂಗಸಿನ ಹೆಸರು ಬಂದರೆ ಈಗಲೂ
ಮೊದಲ ಎಂ ಒತ್ತಿ, ಒಂದು ಉಸಿರು ಬಿಟ್ಟು, ಎರಡನೆಯದು.
‘ಕೈ ನೋವಾ?’ ಎನ್ನುತ್ತಾನೆ ಕಾಕ.
ಹೂಂ ಎನ್ನುತ್ತೇನೆ.

ಇವತ್ತು ಸಂಜೆ ಶಟರ್ ಅರ್ಧ ಎಳೆದಾಗ
ಮಲೆತಿರಿಕೆ ಬೆಟ್ಟದ ಕಡೆಯಿಂದ ಒಂದು ಗುಂಡು.
ನನ್ನ ಕೈ ಶಟರಿನ ಮೇಲೇ ನಿಂತಿತು, ಕಾಕನದೂ.
ಒಳಗೆ ಯುಪಿಎಸ್ ಕುಂಯ್ ಎಂದಿತು.
ಕೂಸೋ, ಹಂದಿಯೋ, ಬರಿ ಪಟಾಕಿಯೋ.
ಎದುರು ಬೇಕರಿಯಲ್ಲಿ ಪಪ್ಸ್ ಕಚ್ಚಿದವನೊಬ್ಬ
ಕಚ್ಚಿದ ಹಾಗೇ ಬೆಟ್ಟದತ್ತ ತಿರುಗಿದ್ದಾನೆ,
ಇನ್ನೂ ಅಗಿದಿಲ್ಲ.