ತರಿ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ
ಎರಡು ಲೇತು, ಒಂದು ಗ್ರೈಂಡರು,
ಕಂತಿನ ಮೇಲೆ ತಂದ ಒಂದು ಸಿಎನ್‌ಸಿ.
ಇಷ್ಟೇ ನನ್ನ ಕಾರ್ಖಾನೆ.
ಇಲ್ಲಿಗೊಂದು ನಕ್ಷೆ ಬಂತು:
ಮೊಳದುದ್ದದ ಉಕ್ಕಿನ ಶಂಕು, ಮೂತಿ ಸೂಜಿ.
ಸದ್ದಿಗಿಂತ ಆರು ಪಟ್ಟು ಜೋರಿನ ಗಾಳಿಗೆ
ರೆಪ್ಪೆ ಬಡಿಯುವಷ್ಟು ಹೊತ್ತು ಎದುರು ನಿಲ್ಲಬೇಕಂತೆ.

ಮೂರು ಬೇಕು, ಮೂರೂ ಕನ್ನಡಿ ಹಾಗಿರಲಿ, ಎಂದರು.
ಅಳೆಯುವ ಮೀಟರು ಕೆಟ್ಟಿತ್ತು.
ಶಮೀಮುನ್ನೀಸಾಳನ್ನು ಕರೆದೆ.

ಇಪ್ಪತ್ತೆರಡು ವರ್ಷ ಕುದಿನೀರಿನ ಬಾಣಲೆಯಲ್ಲಿ
ಎಳೆಯ ತುದಿ ಹುಡುಕಿದ ಕೈ.
ಹೆಬ್ಬೆರಳಲ್ಲಿ ಗೆರೆಯೇ ಉಳಿದಿಲ್ಲ,
ರೇಷನ್ ಅಂಗಡಿಯ ಯಂತ್ರ ತಿಂಗಳು ತಿಂಗಳೂ
ನೀನು ನೀನಲ್ಲ ಅನ್ನುತ್ತದೆ.
ಅದೇ ಬೆರಳು ಶಂಕುವಿನ ಮೇಲೆ ಜಾರಿ
ಒಂದು ಕಡೆ ನಿಂತಿತು.
‘ಇಲ್ಲೊಂದು ಗಂಟು.’
ಭೂತಗನ್ನಡಿ ಹಿಡಿದೆ. ಹೌದು,
ಕೂದಲನ್ನು ಹತ್ತು ಸೀಳಿದರೆ ಒಂದು ಸೀಳಿನಷ್ಟು.

ಕೃತ್ತಿಕಾ ಮೇಡಂ ಬಂದಾಗ ಹೇಳಿದರು:
ಲೋಹಕ್ಕೆ ತಾಗಿದ ಗಾಳಿ ಓಡುವುದೇ ಇಲ್ಲ.
ಅದರ ಮೇಲಿನದು ತೆವಳುತ್ತದೆ,
ಅದರ ಮೇಲಿನದು ನಡೆಯುತ್ತದೆ,
ತೀರಾ ಮೇಲಿನದು ಗುಂಡು.
ಪದರದ ಮೇಲೆ ಪದರ, ಒಂದಕ್ಕೊಂದು ತಕರಾರಿಲ್ಲ.
ನಡುವೆ ಒಂದೇ ಒಂದು ತರಿ ಎದ್ದರೆ
ಎಲ್ಲ ಕಲಸಿ, ಸುಳಿದು, ಬೆಂಕಿ ಚರ್ಮಕ್ಕಿಳಿಯುತ್ತದೆ.
‘ಎಂಟು ಗೂಡಲ್ಲಿ ಒಂದರ ಎಳೆ ಕಡಿದ ಹಾಗೆ’
ಅಂದಳು ಶಮೀಮುನ್ನೀಸಾ. ಮೇಡಂ ಬರೆದುಕೊಂಡರು.

ಮೂರನೆಯದರಲ್ಲಿ ನಾನು ಕೆಟ್ಟೆ.
ತಪ್ಪು ಪುಡಿ ಬಿತ್ತು, ಮೈಯೆಲ್ಲ ಮಬ್ಬು,
ಕಣ್ಣಿಗೆ ಕಾಣದ ಗುಳಿಗಳ ಜರಡಿ.
ಗುಜರಿಗೆ ಎಸೆಯಹೋದವನ ಕೈ ಹಿಡಿದಳು:
‘ಒಂದೇ ಇದ್ದರೆ ಗಂಟು.
ಎಲ್ಲ ಕಡೆ ಒಂದೇ ಸಮ ಇದ್ದರೆ ನೇಯ್ಗೆ. ಕಳಿಸಿ.’

ಬಿಸಿಗೆ ಕೆಂಪಾಗುವ ಬಣ್ಣ ಬಳಿದು ಗಾಳಿ ಬಿಟ್ಟರಂತೆ.
ಕನ್ನಡಿಗಳೆರಡೂ ಅರ್ಧ ಮೈಗೇ ಕೆಂಪು.
ಮಬ್ಬಿನದು ಬಾಲದ ಹತ್ತಿರದವರೆಗೂ ನೀಲಿ.
ಯಾಕೆ?
ಗಾಳಿಯೊಳಗಿನ ನಡುಕವನ್ನು
ಆ ಗುಳಿಗಳು ನುಂಗಿರಬಹುದು, ಅಂದರು ಮೇಡಂ ಫೋನಿನಲ್ಲಿ,
ಒಂದೇ ಸಲದ್ದು, ನಂಬುವ ಹಾಗಿಲ್ಲ,
ಇನ್ನೂ ನಾಲ್ಕು ಅಂಥವೇ ಮಾಡಿಕೊಡಿ.

ಅಂಥವೇ!
ಯಾವ ಪುಡಿ ಬಿತ್ತೆಂದು ನನಗೆ ನೆನಪಿಲ್ಲ.
ಡಬ್ಬಿ ಡಬ್ಬಿ ತೆರೆದು, ಚಿಟಿಕೆ ಚಿಟಿಕೆ
ಅವಳ ಬೆರಳಿಗೆ ಕೊಡುತ್ತಾ ಕೂತಿದ್ದೇನೆ.
ಅಲ್ಲ, ಅನ್ನುತ್ತಾಳೆ. ಅಲ್ಲ. ಇದೂ ಅಲ್ಲ.

ಸಂಜೆ ರೇಷನ್ ಅಂಗಡಿಯಲ್ಲಿ
ಐದು ಸಲ ಒತ್ತಿ, ಸೆರಗಿಗೆ ಒರೆಸಿ, ಮತ್ತೆ ಒತ್ತಿ,
ಕೊನೆಗೆ ಆ ಹುಡುಗನಿಗೆ ಹೇಳಿದಳಂತೆ:
‘ನಿನ್ನ ಗಾಜು ತೀರಾ ನಯ ಆಯ್ತು, ತಮ್ಮಾ.
ಸ್ವಲ್ಪ ಉಜ್ಜಿಸು.’